ಕಾಡುಮೇಡಿನ ತಿರುಗಾಟಕ್ಕೊಂದು ಆಪತ್ಕಾಲದ ಕಿಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಆಪತ್ಕಾಲದ ಕಿಟ್ ಎಂದರೇನು? ಚಾರಣದ ಮಾಮೂಲು ಸಾಮಾನಿಗೂ ಅದಕ್ಕೂ ಏನು ವ್ಯತ್ಯಾಸ?

ಚಾರಣಕ್ಕೆ ಹೊರಡುವಾಗ ಬೆನ್ನಿಗೇರಿಸುವ ಸಾಮಾನೆಲ್ಲ ಅಂದುಕೊಂಡಂತೆ ನಡೆಯುವ ದಿನಕ್ಕೆ ಬೇಕಾದದ್ದು. ಆಪತ್ಕಾಲದ ಕಿಟ್ ಇರುವುದು ಅಂದುಕೊಂಡಂತೆ ನಡೆಯದೇ ಹೋದ ರಾತ್ರಿಗಾಗಿ. ದಾರಿ ತಪ್ಪಿ ಕತ್ತಲಾಗಬಹುದು, ಕಾಲು ಉಳುಕಿ ಕುಳಿತಲ್ಲೇ ಉಳಿಯಬೇಕಾಗಬಹುದು, ಬೆಳಿಗ್ಗೆ ದಾಟಿದ ಹಳ್ಳ ಸಂಜೆಗೆ ತುಂಬಿ ಹರಿದು ಮರಳುವ ದಾರಿಯೇ ಮುಚ್ಚಿಹೋಗಬಹುದು. ಅಂಥ ಹೊತ್ತಿನಲ್ಲಿ ಕಿಟ್ ಮಾಡಬೇಕಾದ ಕೆಲಸ ಎರಡೇ: ನೆರವು ಬರುವವರೆಗೆ ಅಥವಾ ಬೆಳಗಾಗುವವರೆಗೆ ದೇಹದ ಕಾವನ್ನು ಕಾಯುವುದು, ಮತ್ತು ನೀವು ಇರುವ ಜಾಗವನ್ನು ಹುಡುಕಿ ಬರುವವರಿಗೆ ತಿಳಿಸುವುದು. ಕಾಡಿನಲ್ಲಿ ತಿಂಗಳುಗಟ್ಟಲೆ ಬೇಟೆಯಾಡಿ ಬದುಕುವ ವಿದ್ಯೆ ಬೇರೆಯೇ ಆಗಿದ್ದು, ಅದಕ್ಕೂ ಈ ಪುಟದಲ್ಲಿ ಹೇಳುತ್ತಿರುವ ಸಣ್ಣ ಚೀಲಕ್ಕೂ ಸಂಬಂಧವಿಲ್ಲ.

ಬೆಳಿಗ್ಗೆ ಹೋಗಿ ಸಂಜೆ ಮರಳುವವರಿಗೂ ಇದು ಬೇಕೇ?

ನಿಜಕ್ಕೂ ಬೇಕಾಗಿರುವುದು ಅವರಿಗೇ. ಹಲವು ದಿನಗಳ ಚಾರಣಕ್ಕೆ ಹೊರಟವರ ಬಳಿ ಡೇರೆ, ಮಲಗುವ ಚೀಲ, ಒಲೆ, ಎರಡು ಜೊತೆ ಬಟ್ಟೆ ಹೇಗೂ ಇರುತ್ತವೆ. ಎರಡು ಗಂಟೆಯ ನಡಿಗೆಯೆಂದು ಒಂದು ನೀರಿನ ಬಾಟಲಿ ಹಿಡಿದು ಹೊರಟವರ ಬಳಿ ರಾತ್ರಿ ಕಳೆಯಲು ಏನೂ ಇರುವುದಿಲ್ಲ.

ಯಾವುದಕ್ಕೆ ಮೊದಲ ಆದ್ಯತೆ ಕೊಡಬೇಕು?

ಈ ವಿಷಯ ಕಲಿಸುವವರು ಬಳಸುವ ‘ಮೂರರ ಲೆಕ್ಕ’ವೊಂದಿದೆ. ಉಸಿರಿಲ್ಲದೆ 3 ನಿಮಿಷ, ಕೆಟ್ಟ ಹವೆಯಲ್ಲಿ ಆಸರೆಯಿಲ್ಲದೆ 3 ಗಂಟೆ, ನೀರಿಲ್ಲದೆ 3 ದಿನ, ಅನ್ನವಿಲ್ಲದೆ 3 ವಾರ ಮನುಷ್ಯ ತಾಳಬಲ್ಲ ಎಂಬುದು ಅದರ ತಿರುಳು. ಇದು ಸ್ಥೂಲವಾದ ಲೆಕ್ಕವೇ ಹೊರತು ಶಾಸ್ತ್ರವಲ್ಲ. ಬಿಸಿಲು, ವಯಸ್ಸು, ಗಾಯ ಇವೆಲ್ಲ ಅದನ್ನು ಏರುಪೇರು ಮಾಡುತ್ತವೆ. ಆದರೂ ಆದ್ಯತೆಯ ಕ್ರಮವನ್ನು ಅದು ಸರಿಯಾಗಿಯೇ ತೋರಿಸುತ್ತದೆ. ಹೊಸಬರು ಕಟ್ಟುವ ಕಿಟ್‌ಗಳಲ್ಲಿ ನಾನು ಕಂಡಿರುವ ಕ್ರಮ ಇದಕ್ಕೆ ತಲೆಕೆಳಗು: ತಿನಿಸು ಎಲ್ಲಕ್ಕಿಂತ ಹೆಚ್ಚು, ಚಾಕು ಎಲ್ಲಕ್ಕಿಂತ ದೊಡ್ಡದು, ಹೊದೆಯಲು ಮಾತ್ರ ಏನೂ ಇಲ್ಲ.

ಅಮೆರಿಕದ ಸಿಯಾಟಲ್‌ನ ‘ದಿ ಮೌಂಟೇನಿಯರ್ಸ್’ ಎಂಬ ಪರ್ವತಾರೋಹಿಗಳ ಸಂಘವು 1930ರ ದಶಕದಲ್ಲಿ ತನ್ನ ತರಗತಿಗಳಿಗಾಗಿ ಹತ್ತು ಅತ್ಯಗತ್ಯ ವಸ್ತುಗಳ ಪಟ್ಟಿಯೊಂದನ್ನು ಮಾಡಿತ್ತು. ಮುಂದೆ ಆ ಪಟ್ಟಿಯಲ್ಲಿ ವಸ್ತುಗಳ ಬದಲು ಅಗತ್ಯಗಳನ್ನು ಹೆಸರಿಸಲಾಯಿತು: ದಾರಿ ಕಾಣುವುದು, ಬೆಳಕು, ಬಿಸಿಲಿನಿಂದ ರಕ್ಷಣೆ, ಪ್ರಥಮ ಚಿಕಿತ್ಸೆ, ಚಾಕು, ಬೆಂಕಿ, ಆಸರೆ, ಹೆಚ್ಚುವರಿ ಆಹಾರ, ನೀರು ಮತ್ತು ಬಟ್ಟೆ. ಕಿಟ್ ಕಟ್ಟುವವರಿಗೆ ಈ ಬದಲಾವಣೆಯೇ ಒಳ್ಳೆಯ ಪಾಠ. ‘ಯಾವ ವಸ್ತು ಕೊಳ್ಳಲಿ’ ಎಂದು ಕೇಳುವುದಕ್ಕಿಂತ ‘ಯಾವ ಅಗತ್ಯ ಇನ್ನೂ ಖಾಲಿ ಉಳಿದಿದೆ’ ಎಂದು ಕೇಳಿಕೊಂಡರೆ ಚೀಲವೂ ಹಗುರವಾಗುತ್ತದೆ, ಹಣವೂ ಉಳಿಯುತ್ತದೆ.

ಚಳಿಯ ಪ್ರದೇಶಕ್ಕೆ ಹೋಗುವವರಲ್ಲದಿದ್ದರೂ ಆಸರೆಗೆ ಇಷ್ಟು ಮಹತ್ವ ಏಕೆ?

ಚಳಿಯಿಂದ ಸಾಯಲು ಹಿಮವೇ ಬೀಳಬೇಕಾಗಿಲ್ಲ. ದೇಹದ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದನ್ನು ವೈದ್ಯರು ಹೈಪೋಥರ್ಮಿಯಾ ಎನ್ನುತ್ತಾರೆ. ಮಳೆಯಲ್ಲಿ ತೊಯ್ದು ಗಾಳಿಗೆ ಕುಳಿತವನಿಗೆ ಹೊರಗೆ 10 ಡಿಗ್ರಿ ಇದ್ದಾಗಲೂ ಅದು ಬರಬಹುದು. ನೀರು ದೇಹದ ಕಾವನ್ನು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಎಳೆದುಕೊಳ್ಳುವುದರಿಂದ ಒದ್ದೆ ಬಟ್ಟೆಯಲ್ಲಿ ಕಳೆಯುವ ರಾತ್ರಿ ಒಣ ಬಟ್ಟೆಯಲ್ಲಿ ಕಳೆಯುವ ರಾತ್ರಿಯಂತಲ್ಲ. ಮೊದಲು ನಡುಕ, ಆಮೇಲೆ ಎಡವುವ ಕಾಲು, ತೊದಲುವ ಮಾತು, ಗುಂಡಿ ಹಾಕಲಾಗದ ಬೆರಳು. ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಇದರೊಟ್ಟಿಗೆ ಬರುವ ಮಂಕು: ತನಗೆ ಏನೋ ಆಗುತ್ತಿದೆ ಎಂಬುದೇ ಆ ವ್ಯಕ್ತಿಗೆ ತಿಳಿಯುವುದಿಲ್ಲ. ಜೋರಾಗಿದ್ದ ನಡುಕ ಬೆಚ್ಚಗಾಗದೆಯೇ ನಿಂತುಹೋದರೆ ಪರಿಸ್ಥಿತಿ ಸುಧಾರಿಸಿತೆಂದು ತಿಳಿಯಬಾರದು, ಕೈಮೀರುತ್ತಿದೆಯೆಂದು ತಿಳಿಯಬೇಕು.

ಹಾಗಾದರೆ ಆಸರೆಗೆಂದು ಕಿಟ್‌ನಲ್ಲಿ ಏನಿರಬೇಕು?

ಅಂಗೈಯಗಲಕ್ಕೆ ಮಡಚಿ ಬರುವ, ಬೆಳ್ಳಿಯಂತೆ ಹೊಳೆಯುವ ತುರ್ತು ಹೊದಿಕೆಯನ್ನು ಎಲ್ಲರೂ ನೋಡಿರುತ್ತಾರೆ. 1964ರಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ಕೆಲಸಕ್ಕಾಗಿ ರೂಪುಗೊಂಡ, ಅಲ್ಯೂಮಿನಿಯಂ ಲೇಪಿಸಿದ ತೆಳು ಪ್ಲಾಸ್ಟಿಕ್ ಹಾಳೆ ಅದರ ಮೂಲ. ದೇಹವು ಸೂಸುವ ಕಾವಿನ ಬಹುಪಾಲನ್ನು ಅದು ಮರಳಿ ದೇಹದ ಕಡೆಗೇ ತಿರುಗಿಸುತ್ತದೆ, ಗಾಳಿ ಮಳೆಗಳನ್ನೂ ತಡೆಯುತ್ತದೆ. ಆದರೆ ನೆಲ ಎಳೆದುಕೊಳ್ಳುವ ಕಾವನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಒಮ್ಮೆ ಬೋಳು ಗುಡ್ಡದ ಮೇಲೆ ಗಾಳಿಯಲ್ಲಿ ಅದನ್ನು ಬಿಡಿಸಲು ಹೋದಾಗ ಅದು ಪಟಪಟನೆ ಹೊಡೆದುಕೊಂಡು ಮೊದಲು ಕೈಯಿಂದ ಜಾರಿತು. ಹಿಡಿದೆಳೆದಾಗ ಅಂಚಿನಲ್ಲಿದ್ದ ಉಗುರುದ್ದದ ಹರಕು ನೋಡನೋಡುತ್ತಿದ್ದಂತೆ ಇನ್ನೊಂದು ತುದಿಯವರೆಗೂ ಸೀಳಿಕೊಂಡು ಹೋಯಿತು. ಅಂದಿನಿಂದ ಬರೀ ಹಾಳೆಯ ಬದಲು ಅದೇ ವಸ್ತುವಿನಿಂದ, ಆದರೆ ಕೊಂಚ ದಪ್ಪವಾಗಿ, ಚೀಲದಂತೆ ಹೊಲಿದ ‘ಬಿವಿ’ಯನ್ನು ಇಟ್ಟುಕೊಳ್ಳುತ್ತಿದ್ದೇನೆ. ಒಳಗೆ ತೂರಿಕೊಂಡರೆ ಗಾಳಿ ಅದನ್ನು ಕಿತ್ತುಕೊಳ್ಳಲಾರದು.

ಇದರ ಜೊತೆಗೆ 200 ಲೀಟರ್ ಅಳತೆಯ, ದಪ್ಪನೆಯ, ಎದ್ದು ಕಾಣುವ ಬಣ್ಣದ ಎರಡು ಕಸದ ಚೀಲಗಳನ್ನು ಮರೆಯದೆ ಇಡಿ. ಈ ಇಡೀ ಪುಟದಲ್ಲಿ ಇಷ್ಟು ಅಗ್ಗವಾಗಿ ಇಷ್ಟು ಕೆಲಸಕ್ಕೆ ಬರುವ ವಸ್ತು ಬೇರೊಂದಿಲ್ಲ. ಮುಚ್ಚಿದ ತುದಿಯ ಮೂಲೆಯಲ್ಲಿ ಮುಖದಷ್ಟು ತೂತು ಮಾಡಿ ತಲೆಯಿಂದ ಇಳಿಬಿಟ್ಟುಕೊಂಡರೆ ಅದು ಮಳೆಯಂಗಿ. ಉಸಿರಾಟಕ್ಕೆ ಆ ತೂತು ಕಡ್ಡಾಯ. ಮುಖ ಮುಚ್ಚುವಂತೆ ಚೀಲದೊಳಗೆ ಕೂರಲೇಬಾರದು. ಇನ್ನೊಂದು ಚೀಲಕ್ಕೆ ಒಣ ತರಗೆಲೆ ತುಂಬಿ ಬಾಯಿ ಕಟ್ಟಿದರೆ ಅದು ಹಾಸಿಗೆ. ತರಗೆಲೆ ಸಿಗದಿದ್ದರೆ ಬೆನ್ನುಚೀಲವನ್ನು, ಹಗ್ಗದ ಸುರುಳಿಯನ್ನು, ಅಂತೂ ಏನನ್ನಾದರೂ ಕೆಳಗೆ ಹಾಕಿಕೊಂಡೇ ಕೂರಬೇಕು. ಬರೀ ನೆಲದ ಮೇಲೆ ಕುಳಿತು ಮೇಲೆಷ್ಟು ಹೊದ್ದರೂ ಕಾವು ಕೆಳಗಿನಿಂದ ಸೋರಿಹೋಗುತ್ತದೆ. ಉಣ್ಣೆಯ ಟೊಪ್ಪಿ ಮತ್ತು ಒಂದು ಜೊತೆ ಒಣ ಕಾಲುಚೀಲಗಳನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದೊಳಗಿಟ್ಟು ಸೇರಿಸಿ. ಹತ್ತಿ ಬಟ್ಟೆ ಒದ್ದೆಯಾದರೆ ಬೇಗ ಒಣಗದು, ಬೆಚ್ಚಗೂ ಇಡದು. ಉಣ್ಣೆ ಅಥವಾ ಪಾಲಿಯೆಸ್ಟರ್ ಒದ್ದೆಯಲ್ಲೂ ಒಂದಿಷ್ಟು ಕಾವು ಉಳಿಸುತ್ತದೆ.

ಬೆಂಕಿ ಹೊತ್ತಿಸಲು ಯಾವುದು ಒಳ್ಳೆಯದು: ಬೆಂಕಿಕಡ್ಡಿಯೋ, ಲೈಟರೋ, ಕಿಡಿಕಂಬಿಯೋ?

ಮೊದಲು ಲೈಟರ್, ಆಮೇಲೆ ಉಳಿದದ್ದು. ಕಿಡಿ ಹಾರಿಸುವ ಫೆರೋ ಕಂಬಿಯ ವಿಡಿಯೊಗಳನ್ನು ನೋಡಿ ಮರುಳಾದವರು ಲೈಟರನ್ನು ಕೀಳಾಗಿ ಕಾಣುವುದುಂಟು. ಆಪತ್ತಿನಲ್ಲಿ ಯಾರೂ ನಿಮ್ಮ ಕೌಶಲಕ್ಕೆ ಅಂಕ ಕೊಡುವುದಿಲ್ಲ. ಒಂದೇ ಬೆರಳಿನಿಂದ ಜ್ವಾಲೆ ಬರುವ ಸಾಧನವಿದ್ದರೆ ಅದನ್ನೇ ಬಳಸಬೇಕು. ಲೈಟರಿನ ದೌರ್ಬಲ್ಯ ಚಳಿ: ಒಳಗಿರುವ ಬ್ಯೂಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಸರಿಯಾಗಿ ಆವಿಯಾಗದ್ದರಿಂದ ಅದು ಹೊತ್ತಿಕೊಳ್ಳುವುದಿಲ್ಲ. ಒಳಜೇಬಿನಲ್ಲಿಟ್ಟೋ ಅಂಗೈಯಲ್ಲಿ ಹಿಡಿದೋ ಬೆಚ್ಚಗೆ ಮಾಡಿದರೆ ಮತ್ತೆ ಕೆಲಸ ಮಾಡುತ್ತದೆ. ಅದು ಕೈಕೊಟ್ಟರೆಂದು, ನೀರು ಹೋಗದ ಡಬ್ಬಿಯಲ್ಲಿ ಬೆಂಕಿಕಡ್ಡಿಗಳನ್ನೂ ಅವುಗಳನ್ನು ಗೀರುವ ಪಟ್ಟಿಯನ್ನೂ ಇಡಬೇಕು. ಕಡ್ಡಿಗಳನ್ನು ಜೋಪಾನ ಮಾಡಿ ಪಟ್ಟಿಯನ್ನು ಮನೆಯಲ್ಲೇ ಮರೆತವರನ್ನು ಬಲ್ಲೆ. ಫೆರೋ ಕಂಬಿ ಮೂರನೆಯದು. ಒದ್ದೆಯಾದರೂ ಒರೆಸಿ ಗೀರಿದರೆ ಅದರಿಂದ ಸುಮಾರು 3,000 ಡಿಗ್ರಿ ಸೆಲ್ಸಿಯಸ್ ಬಿಸಿಯ ಕಿಡಿ ಹಾರುತ್ತದೆ, ಆದರೆ ಆ ಕಿಡಿಯನ್ನು ಹಿಡಿದುಕೊಳ್ಳುವ ವಸ್ತು ನಿಮ್ಮ ಬಳಿ ಇರಬೇಕು.

ಆ ವಸ್ತುವನ್ನು ಮನೆಯಲ್ಲೇ ಮಾಡಬಹುದು. ಹತ್ತಿಯ ಉಂಡೆಗೆ ಪೆಟ್ರೋಲಿಯಂ ಜೆಲ್ಲಿಯನ್ನು ಚೆನ್ನಾಗಿ ತಿಕ್ಕಿ, ಹಳೆಯ ಮಾತ್ರೆ ಡಬ್ಬಿಯಲ್ಲಿ ಒತ್ತೊತ್ತಾಗಿ ತುಂಬಿಟ್ಟರೆ ಸಾಕು. ಬಳಸುವಾಗ ಉಂಡೆಯನ್ನು ಬಿಡಿಸಿ ಎಳೆ ಎಳೆಯಾಗಿ ಹಿಂಜಬೇಕು. ಒಣ ಎಳೆ ಕಿಡಿಯನ್ನು ಹಿಡಿಯುತ್ತದೆ, ಜೆಲ್ಲಿ ಮೇಣದಂತೆ ಹಲವು ನಿಮಿಷ ಉರಿಯುತ್ತದೆ. ಹಿಂಜದೆ ಹಾಗೇ ಇಟ್ಟರೆ ಎಷ್ಟು ಗೀರಿದರೂ ಕಿಡಿ ಜಾರಿಹೋಗುತ್ತದೆ.

ಉರಿ ಬಂದಮೇಲೂ ಕೆಲಸ ಮುಗಿಯುವುದಿಲ್ಲ. ಒಂದು ಮಳೆಯ ಸಂಜೆ ಬೇಕೆಂದೇ ಪರೀಕ್ಷೆಗೆ ಕುಳಿತಿದ್ದೆ. ಕೈ ಒದ್ದೆ, ಬೆರಳು ಮರಗಟ್ಟಿತ್ತು, ಮೊದಲ ಮೂರು ಕಡ್ಡಿಗಳು ಗೀರುವಾಗಲೇ ಮುರಿದವು. ನಾಲ್ಕನೆಯದು ಹೊತ್ತಿ ಉಂಡೆಗೂ ಹತ್ತಿತು. ಆದರೆ ನಾನು ಆರಿಸಿಟ್ಟಿದ್ದ ಪುರಳೆ ಹಿಡಿಯಷ್ಟೂ ಇರಲಿಲ್ಲ. ಉಂಡೆ ಉರಿದು ಬೂದಿಯಾಗುವಷ್ಟರಲ್ಲಿ ನಾನಿನ್ನೂ ಕಟ್ಟಿಗೆ ಹುಡುಕುತ್ತಿದ್ದೆ. ಕಡ್ಡಿ ಗೀರುವ ಮುನ್ನವೇ ಪೆನ್ಸಿಲ್ ಸೀಸದಷ್ಟು, ಬೆರಳಷ್ಟು, ಮಣಿಕಟ್ಟಿನಷ್ಟು ದಪ್ಪದ ಕಟ್ಟಿಗೆಯನ್ನು ಮೂರು ರಾಶಿಯಾಗಿ ಪಕ್ಕದಲ್ಲಿಟ್ಟುಕೊಂಡಿರಬೇಕೆಂಬುದು ಅಂದು ಮನಸ್ಸಿಗೆ ನಾಟಿತು. ನೆಲದ ಮೇಲೆ ಬಿದ್ದ ಪುಳ್ಳೆ ನೀರು ಕುಡಿದಿರುತ್ತದೆ. ಮರದಲ್ಲೇ ಒಣಗಿ ನಿಂತ, ಮುರಿದರೆ ಚಟ್ಟೆನ್ನುವ ಕೊಂಬೆಯನ್ನೇ ಆರಿಸಿಕೊಳ್ಳಿ. ಒಣ ಹವೆಯ ಕಾಲದಲ್ಲಿ ಅನೇಕ ಅರಣ್ಯಗಳಲ್ಲಿ ಬೆಂಕಿ ಹಾಕುವುದು ಕಾನೂನಿಗೆ ವಿರುದ್ಧ. ಹಾಗಾಗಿ ಬೆಂಕಿಯಿಲ್ಲದೆಯೂ ರಾತ್ರಿ ಕಳೆಯುವಂತೆ ಆಸರೆಯನ್ನು ಮೊದಲು ಸರಿಮಾಡಿಕೊಂಡಿರಬೇಕು.

ನೀರು ಹೊತ್ತೊಯ್ಯಬೇಕೇ, ಶುದ್ಧೀಕರಿಸುವ ಸಾಧನ ಸಾಕೇ?

ಎರಡೂ ಬೇಕು. ಹೊರಡುವಾಗ ಕನಿಷ್ಠ 1 ಲೀಟರ್ ಜೊತೆಗಿರಲಿ, ಸಾಧ್ಯವಾದರೆ ಒಂದೇ ಪದರದ ಸ್ಟೀಲ್ ಬಾಟಲಿಯಲ್ಲಿರಲಿ. ಅದನ್ನು ನೇರವಾಗಿ ಬೆಂಕಿಯ ಮೇಲಿಟ್ಟು ನೀರು ಕುದಿಸಬಹುದು. ಎರಡು ಪದರಗಳ ನಡುವೆ ಟೊಳ್ಳಿರುವ, ಬಿಸಿ ಹಿಡಿದಿಡುವ ಬಾಟಲಿಯನ್ನು ಬೆಂಕಿಗೆ ಇಡಲೇಬಾರದು, ಅದು ಸಿಡಿಯಬಹುದು.

ಸೂಕ್ಷ್ಮಜೀವಿಗಳ ಮಟ್ಟಿಗೆ ಕುದಿಸುವುದನ್ನು ಮೀರಿಸಿದ ವಿಧಾನವಿಲ್ಲ. ನೀರು ಕೊತಕೊತನೆ ಕುದಿಯಲು ತೊಡಗಿದ ಮೇಲೆ 1 ನಿಮಿಷ, ಸುಮಾರು 2,000 ಮೀಟರ್‌ಗಿಂತ ಎತ್ತರದಲ್ಲಿ 3 ನಿಮಿಷ ಕುದಿಸಿದರೆ ಬ್ಯಾಕ್ಟೀರಿಯಾ, ವೈರಸ್, ಪರೋಪಜೀವಿ ಯಾವುದೂ ಉಳಿಯುವುದಿಲ್ಲ. ಬೆಂಕಿ ಹಾಕಲಾಗದ ಕಡೆಗೆ ಕ್ಲೋರಿನ್ ಡೈಆಕ್ಸೈಡ್ ಮಾತ್ರೆಗಳು ಹಗುರ ಮತ್ತು ನಂಬಿಕಸ್ಥ. ಅರ್ಧ ಗಂಟೆಯಲ್ಲಿ ಬ್ಯಾಕ್ಟೀರಿಯಾ ಮತ್ತು ವೈರಸ್ ಸಾಯುತ್ತವೆಯಾದರೂ ಕ್ರಿಪ್ಟೋಸ್ಪೊರಿಡಿಯಂ ಎಂಬ ಗಟ್ಟಿ ಪರೋಪಜೀವಿಗೆ 4 ಗಂಟೆ ಕಾಯಬೇಕಾಗುತ್ತದೆ. ಅಯೋಡಿನ್ ಮಾತ್ರೆ ಅದನ್ನು ಕೊಲ್ಲುವುದೇ ಇಲ್ಲ. ಗರ್ಭಿಣಿಯರು ಮತ್ತು ಥೈರಾಯ್ಡ್ ತೊಂದರೆ ಇರುವವರು ಅದನ್ನು ಬಳಸಲೂಬಾರದು. ಟೊಳ್ಳು ನಾರಿನ ಸಣ್ಣ ಫಿಲ್ಟರ್‌ಗಳು ಬ್ಯಾಕ್ಟೀರಿಯಾ ಮತ್ತು ಪರೋಪಜೀವಿಗಳನ್ನು ತಡೆದರೂ ಸಾಮಾನ್ಯವಾಗಿ ವೈರಸ್‌ಗಳನ್ನು ತಡೆಯುವುದಿಲ್ಲ. ಒಮ್ಮೆ ಬಳಸಿ ಒಳಗೆ ತೇವ ಉಳಿದ ಫಿಲ್ಟರ್ ಹೆಪ್ಪುಗಟ್ಟಿದರೆ ನಾರುಗಳು ಬಿರುಕುಬಿಡುತ್ತವೆ. ಹೊರನೋಟಕ್ಕೆ ಏನೂ ಗೊತ್ತಾಗುವುದಿಲ್ಲ, ನೀರೂ ಎಂದಿನಂತೆ ಬರುತ್ತದೆ, ಶುದ್ಧವಾಗಿ ಮಾತ್ರ ಬರುವುದಿಲ್ಲ. ಚಳಿಯ ರಾತ್ರಿ ಅದನ್ನು ಹೊದಿಕೆಯೊಳಗೆ ಮೈಗೆ ತಾಗಿಸಿಟ್ಟುಕೊಳ್ಳಿ.

ನೀರು ಕಲಕಾಗಿದ್ದರೆ ಮೊದಲು ಕೈವಸ್ತ್ರದಲ್ಲಿ ಸೋಸಿ, ತಿಳಿಯಾಗಲು ಬಿಟ್ಟು, ಆಮೇಲೆ ಮಾತ್ರೆ ಹಾಕಬೇಕು. ಕೀಟನಾಶಕ ಅಥವಾ ಕಾರ್ಖಾನೆಯ ರಾಸಾಯನಿಕ ಸೇರಿದ ನೀರನ್ನು ಇವುಗಳಲ್ಲಿ ಯಾವುದೂ ಕುಡಿಯಲು ಯೋಗ್ಯವಾಗಿಸದು.

ಇರುವ ನೀರನ್ನು ಗುಟುಕು ಗುಟುಕಾಗಿ ಉಳಿಸಿಕೊಳ್ಳಬೇಕೇ?

ಬಾಯಾರಿದಾಗ ಕುಡಿಯಿರಿ. ನೀರು ದೇಹದೊಳಗಿದ್ದರೆ ಉಪಯೋಗ, ಬಾಟಲಿಯಲ್ಲಿದ್ದರೆ ಅಲ್ಲ. ಉಳಿಸಬೇಕಾದದ್ದು ಬೆವರನ್ನು: ನೆರಳಿನಲ್ಲಿ ಕೂರುವುದು, ನಡೆಯಲೇಬೇಕಾದರೆ ತಂಪು ಹೊತ್ತಿನಲ್ಲಿ ನಡೆಯುವುದು. ಮೂತ್ರ ಕುಡಿದು ಬದುಕಿದವರ ಕಥೆಗಳನ್ನು ಬದಿಗಿಡಿ. ಅದರ ಉಪ್ಪಿನಂಶವನ್ನು ಹೊರಹಾಕಲು ದೇಹಕ್ಕೆ ಇನ್ನಷ್ಟು ನೀರು ಬೇಕಾಗುತ್ತದೆ. ಹಿಮವನ್ನು ಕರಗಿಸಿ ಕುಡಿಯಬೇಕೇ ಹೊರತು ಹಾಗೇ ತಿನ್ನಬಾರದು, ಅದನ್ನು ಕರಗಿಸಲು ದೇಹ ತನ್ನದೇ ಕಾವನ್ನು ಕಳೆದುಕೊಳ್ಳುತ್ತದೆ.

ಸಂಕೇತ ಕೊಡಲು ಸೀಟಿ ನಿಜಕ್ಕೂ ಉಪಯೋಗವೇ? ಕೂಗಿದರೆ ಸಾಲದೇ?

ಹತ್ತು ನಿಮಿಷ ಗಟ್ಟಿಯಾಗಿ ಕೂಗಿ ನೋಡಿ, ಗಂಟಲು ಉತ್ತರ ಕೊಡುತ್ತದೆ. ಸೀಟಿಗೆ ಬೇಕಾದದ್ದು ಉಸಿರು ಮಾತ್ರ. ಅದರ ಕೀಚಲು ದನಿ ಮನುಷ್ಯರ ಕೂಗಿಗಿಂತ ಬಹುದೂರ ಹೋಗುತ್ತದೆ, ಹಕ್ಕಿಯ ಕೂಗೋ ಗಾಳಿಯ ಸದ್ದೋ ಎಂಬ ಅನುಮಾನಕ್ಕೂ ಎಡೆಕೊಡುವುದಿಲ್ಲ. ಒಳಗೆ ಗುಂಡು ಉರುಳದ ಪ್ಲಾಸ್ಟಿಕ್ ಸೀಟಿ ಒಳ್ಳೆಯದು: ಗುಂಡು ನೀರಿಗೋ ಕೊಳೆಗೋ ಸಿಕ್ಕಿಕೊಳ್ಳುತ್ತದೆ, ಲೋಹದ ಸೀಟಿ ಕಡುಚಳಿಯಲ್ಲಿ ತುಟಿಗೆ ಅಂಟಿಕೊಳ್ಳುತ್ತದೆ. ಅದು ಚೀಲದೊಳಗಲ್ಲ, ಕೊರಳಲ್ಲಿ ಅಥವಾ ಹೆಗಲಪಟ್ಟಿಯಲ್ಲಿ ಇರಬೇಕು, ಏಕೆಂದರೆ ಇಳಿಜಾರಿನಲ್ಲಿ ಜಾರಿದಾಗ ಮೊದಲು ದೂರವಾಗುವುದು ಬೆನ್ನುಚೀಲವೇ.

ಎಷ್ಟು ಸಲ ಊದಬೇಕೆಂಬುದರಲ್ಲಿ ಎರಡು ರೂಢಿಗಳಿವೆ. ಉತ್ತರ ಅಮೆರಿಕದಲ್ಲಿ ಮೂರು ಸಲ ಊದುವುದು ಸಂಕಟದ ಸಂಕೇತ. 1894ರಿಂದ ಬಳಕೆಯಲ್ಲಿರುವ ಆಲ್ಪ್ಸ್ ಪರ್ವತಗಳ ಸಂಕೇತದಲ್ಲಿ ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಸುಮ್ಮನಿದ್ದು, ಮತ್ತೆ ಆರು ಸಲ ಊದುತ್ತಾರೆ. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಊದಿ ಉತ್ತರಿಸುತ್ತಾರೆ. ನೀವು ಹೋಗುವ ಪ್ರದೇಶದ ರೂಢಿಯನ್ನು ಮೊದಲೇ ಕೇಳಿಟ್ಟುಕೊಳ್ಳಿ. ಉತ್ತರ ಬಂತೆಂದು ಊದುವುದನ್ನು ನಿಲ್ಲಿಸಬೇಡಿ, ನಿಮ್ಮನ್ನು ತಲುಪುವವರೆಗೂ ಅವರಿಗೆ ಆ ದನಿಯೇ ದಾರಿ.

ಬಿಸಿಲಿದ್ದಾಗ ಕನ್ನಡಿಯನ್ನು ಮೀರಿಸಿದ್ದಿಲ್ಲ. ತಿಳಿಯಾದ ಹವೆಯಲ್ಲಿ ಅದರ ಮಿಂಚು ಹತ್ತಾರು ಕಿಲೋಮೀಟರ್ ದೂರದ ವಿಮಾನಕ್ಕೂ ಕಾಣುತ್ತದೆ. ನಡುವೆ ತೂತಿರುವ ಸಂಕೇತ ಕನ್ನಡಿ ಇಲ್ಲದಿದ್ದರೆ ಕೈಯನ್ನು ಮುಂದೆ ಚಾಚಿ, ಎರಡು ಬೆರಳುಗಳ ಸಂದಿನಲ್ಲಿ ವಿಮಾನವನ್ನು ಹಿಡಿದು, ಕನ್ನಡಿಯ ಬೆಳಕು ಆ ಬೆರಳುಗಳ ಮೇಲೆ ಬೀಳುವಂತೆ ಅತ್ತಿತ್ತ ಆಡಿಸಿದರೆ ಬೆಳಕು ಅಲ್ಲಿಗೇ ತಲುಪುತ್ತದೆ. ಆಕಾಶದಿಂದ ಕಾಣುವಂತೆ ನೆಲದ ಮೇಲೆ ಗುರುತು ಮಾಡುವುದಾದರೆ ಇಂಗ್ಲಿಷಿನ ‘ವಿ’ ಅಕ್ಷರಕ್ಕೆ ನೆರವು ಬೇಕೆಂದೂ ‘ಎಕ್ಸ್’ ಅಕ್ಷರಕ್ಕೆ ವೈದ್ಯಕೀಯ ನೆರವು ಬೇಕೆಂದೂ ಅಂತರರಾಷ್ಟ್ರೀಯ ಅರ್ಥವಿದೆ. ಅಕ್ಷರ ಕನಿಷ್ಠ 2.5 ಮೀಟರ್ ಉದ್ದವಿದ್ದು, ನೆಲದ ಬಣ್ಣಕ್ಕಿಂತ ಎದ್ದು ಕಾಣಬೇಕು. ಹೆಲಿಕಾಪ್ಟರ್ ಕಂಡಾಗ ಒಂದೇ ಕೈ ಬೀಸಬೇಡಿ. ಎರಡೂ ಕೈಗಳನ್ನು ಮೇಲೆ ಚಾಚಿ ನಿಂತರೆ ನೆರವು ಬೇಕು ಎಂದರ್ಥ, ಒಂದು ಕೈ ಮೇಲೆ ಒಂದು ಕೈ ಕೆಳಗೆ ಚಾಚಿದರೆ ಬೇಡ ಎಂದರ್ಥ.

ಮೊಬೈಲ್ ಇರುವಾಗ ನಕ್ಷೆ, ದಿಕ್ಸೂಚಿ ಏಕೆ?

ಮೊಬೈಲನ್ನು ಖಂಡಿತ ಒಯ್ಯಿರಿ. ಅದರ ಜಿಪಿಎಸ್ ನೆಟ್‌ವರ್ಕ್ ಇಲ್ಲದೆಯೂ ಕೆಲಸ ಮಾಡುತ್ತದೆ, ಇಲ್ಲದಾಗುವುದು ನಕ್ಷೆ. ಆದ್ದರಿಂದ ಹೋಗುವ ಪ್ರದೇಶದ ನಕ್ಷೆಯನ್ನು ಮನೆಯಲ್ಲೇ ಇಳಿಸಿಟ್ಟುಕೊಳ್ಳಬೇಕು. ಸಿಗ್ನಲ್ ಇಲ್ಲದ ಕಡೆ ಫೋನು ಟವರ್ ಹುಡುಕುತ್ತಲೇ ಬ್ಯಾಟರಿ ಕರಗಿಸುವುದರಿಂದ ಅದನ್ನು ಏರೋಪ್ಲೇನ್ ಮೋಡ್‌ನಲ್ಲಿಡಿ. ಕರೆ ಹೋಗದ ಜಾಗದಿಂದಲೂ ಒಮ್ಮೊಮ್ಮೆ ಎಸ್ಎಂಎಸ್ ಹೋಗುತ್ತದೆ; ಅದಕ್ಕೆ ಕ್ಷಣಕಾಲದ ಸಿಗ್ನಲ್ ಸಾಕು. ಬಹಳಷ್ಟು ದೇಶಗಳಲ್ಲಿ 112 ತುರ್ತು ಸಂಖ್ಯೆಯಾಗಿದ್ದು, ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಮೂಲಕ ಆ ಕರೆ ಹೋಗಬಹುದು. ಫೋನು ಬಿದ್ದು ಒಡೆದ ದಿನಕ್ಕೆ ಕಾಗದದ ನಕ್ಷೆ ಮತ್ತು ದಿಕ್ಸೂಚಿ. ಇವೆರಡನ್ನೂ ಬಳಸಲು ಕಲಿಯದಿದ್ದರೆ ಹೊತ್ತು ಪ್ರಯೋಜನವಿಲ್ಲ.

ಉಪಗ್ರಹದ ತುರ್ತು ಬೀಕನ್ ಕೊಳ್ಳುವುದು ಒಳ್ಳೆಯದೇ?

ಸಿಗ್ನಲ್ ಇಲ್ಲದ ಕಡೆಗೆ ಆಗಾಗ ಹೋಗುವವರಿಗೆ, ಅದರಲ್ಲೂ ಒಂಟಿಯಾಗಿ ಹೋಗುವವರಿಗೆ, ಒಳ್ಳೆಯದು. ಪಿಎಲ್‌ಬಿ ಎಂದು ಕರೆಯುವ ವೈಯಕ್ತಿಕ ಬೀಕನ್ 406 ಮೆಗಾಹರ್ಟ್ಸ್ ತರಂಗದಲ್ಲಿ ‘ಕಾಸ್ಪಾಸ್-ಸಾರ್ಸಾಟ್’ ಉಪಗ್ರಹ ವ್ಯವಸ್ಥೆಗೆ ಸಂಕಟದ ಸಂದೇಶ ಕಳಿಸುತ್ತದೆ. ಕೆನಡಾ, ಫ್ರಾನ್ಸ್, ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಸೇರಿ ಕಟ್ಟಿದ ಈ ವ್ಯವಸ್ಥೆಯ ನೆರವಿನಿಂದ ಮೊದಲ ರಕ್ಷಣೆ ನಡೆದದ್ದು 1982ರಲ್ಲಿ. ಇದಕ್ಕೆ ತಿಂಗಳ ಶುಲ್ಕವಿಲ್ಲ, ಬ್ಯಾಟರಿ ಕನಿಷ್ಠ 24 ಗಂಟೆ ಸಂದೇಶ ಕಳಿಸುತ್ತದೆ, ಆದರೆ ನಿಮ್ಮ ಹೆಸರಿನಲ್ಲಿ ನೋಂದಾಯಿಸಿರಬೇಕು. ಎಚ್ಚರಿಕೆಯ ಮಾತೊಂದಿದೆ: ಉಪಗ್ರಹ ಸಂಪರ್ಕ ಸಾಧನಗಳನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ಕೆಲವು ದೇಶಗಳಲ್ಲಿ ಅಪರಾಧ. ಗಡಿ ದಾಟುವ ಮೊದಲು ಅಲ್ಲಿನ ನಿಯಮ ತಿಳಿದುಕೊಳ್ಳಿ.

ಟಾರ್ಚು ಯಾವುದಿರಬೇಕು?

ಎರಡು ಕೈಗಳನ್ನೂ ಬಿಡುವಾಗಿಡುವ ಹೆಡ್‌ಲ್ಯಾಂಪ್. ಬಿಡಿ ಸೆಲ್ ಹಾಕುವಂಥದ್ದಾದರೆ ಲಿಥಿಯಂ ಸೆಲ್‌ಗಳನ್ನು ಕೊಳ್ಳಿ. ಆಲ್ಕಲೈನ್ ಸೆಲ್‌ಗಳು ಚಳಿಯಲ್ಲಿ ಸೊರಗುತ್ತವೆ, ವರ್ಷಗಟ್ಟಲೆ ಇಟ್ಟರೆ ಸೋರಿ ದೀಪವನ್ನೇ ಹಾಳುಮಾಡುತ್ತವೆ. ಚೀಲದೊಳಗೆ ಗುಂಡಿ ಒತ್ತಿಕೊಂಡು ತಾನೇ ಉರಿದು ಖಾಲಿಯಾಗುವುದನ್ನು ತಪ್ಪಿಸಲು ಒಂದು ಸೆಲ್ಲನ್ನು ತಿರುಗುಮುರುಗಾಗಿ ಹಾಕಿಡುವುದು ಹಳಬರ ಉಪಾಯ.

ಚಾಕು ಮತ್ತು ಹಗ್ಗ ಎಂಥವು?

ಅಂಗೈಯಗಲದ ಅಲಗಿರುವ ಸಾಧಾರಣ ಚಾಕು ಸಾಕು. ಹಗ್ಗ ಕತ್ತರಿಸಲು, ಬಟ್ಟೆ ಹರಿಯಲು, ಒದ್ದೆ ಕೊಂಬೆಯ ಹೊರಪದರ ಕೆತ್ತಿ ಒಳಗಿನ ಒಣ ಚಕ್ಕೆ ತೆಗೆಯಲು ಅದಕ್ಕಿಂತ ದೊಡ್ಡದು ಬೇಕಾಗುವುದಿಲ್ಲ. ಹಗ್ಗಕ್ಕೆ 4 ಮಿಲಿಮೀಟರ್ ದಪ್ಪದ ಪ್ಯಾರಾಕಾರ್ಡ್ 10 ಮೀಟರ್ ಇರಲಿ. ಅದರೊಳಗೆ ಏಳು ಸಣ್ಣ ಎಳೆಗಳಿದ್ದು, ಬೇಕಾದಾಗ ಬಿಡಿಸಿ ದಾರವಾಗಿ ಬಳಸಬಹುದು. 250 ಕಿಲೋ ತಾಳುತ್ತದೆಂದು ಪೊಟ್ಟಣದ ಮೇಲೆ ಬರೆದಿದ್ದರೂ ಅದನ್ನು ಹಿಡಿದು ಬಂಡೆ ಇಳಿಯಲು ಹೋಗಬಾರದು: ಬೀಳುವ ದೇಹದ ಜಗ್ಗುವಿಕೆ ನಿಂತ ಭಾರದ ಹಲವು ಪಟ್ಟು. ಡಕ್ಟ್ ಟೇಪನ್ನು ಒಂದೆರಡು ಮೀಟರಿನಷ್ಟು ಲೈಟರಿಗೇ ಸುತ್ತಿಟ್ಟುಕೊಂಡರೆ ಹರಿದ ಹೊದಿಕೆಗೂ ಬಾಯಿಬಿಟ್ಟ ಬೂಟಿಗೂ ಆಗುತ್ತದೆ.

ಪ್ರಥಮ ಚಿಕಿತ್ಸೆಗೆ ಏನೇನು?

ಅಂಗಡಿಯ ಪೆಟ್ಟಿಗೆಗಳಲ್ಲಿ ಬೆರಳಿಗಂಟಿಸುವ ಸಣ್ಣ ಪ್ಲಾಸ್ಟರ್‌ಗಳೇ ತುಂಬಿರುತ್ತವೆ, ರಕ್ತ ನಿಲ್ಲಿಸುವ ವಸ್ತು ಇರುವುದಿಲ್ಲ. ಮೊದಲು ಗಾಜ್ ಬಟ್ಟೆಯ ದೊಡ್ಡ ಸುರುಳಿ, ಹಿಗ್ಗುವ ಬ್ಯಾಂಡೇಜ್ ಎರಡು, ತ್ರಿಕೋನ ಬಟ್ಟೆ ಒಂದು, ಮತ್ತು ಕೈಗವಸು ಇಡಿ. ಗಾಯದ ಮೇಲೆ ಗಾಜ್ ಒತ್ತಿ, ತೆಗೆದು ನೋಡುವ ಆಸೆಯನ್ನು ತಡೆದು, ಹತ್ತು ನಿಮಿಷ ಹಾಗೇ ಗಟ್ಟಿಯಾಗಿ ಹಿಡಿದರೆ ಬಹುತೇಕ ರಕ್ತಸ್ರಾವ ನಿಲ್ಲುತ್ತದೆ. ಕೈಕಾಲಿನಿಂದ ರಕ್ತ ಚಿಮ್ಮುತ್ತಿದ್ದು ಒತ್ತಿದರೂ ನಿಲ್ಲದಿದ್ದರೆ ಟೂರ್ನಿಕೆಟ್, ಅಂದರೆ ರಕ್ತದ ಹರಿವನ್ನೇ ತಡೆಯುವ ಬಿಗಿಪಟ್ಟಿ, ಬೇಕಾಗುತ್ತದೆ. ಗಾಯಕ್ಕಿಂತ 5ರಿಂದ 7 ಸೆಂಟಿಮೀಟರ್ ಮೇಲೆ, ಕೀಲಿನ ಮೇಲಲ್ಲದಂತೆ ಬಿಗಿದು, ಬಿಗಿದ ಹೊತ್ತನ್ನು ಬರೆದಿಡಬೇಕು. ತರಬೇತಿ ಪಡೆಯದೆ ಇದನ್ನು ಕೊಂಡಿಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ.

ಆಮೇಲೆ ಓಆರ್‌ಎಸ್ ಪೊಟ್ಟಣ, ನೋವಿನ ಮಾತ್ರೆ, ಅಲರ್ಜಿಯ ಮಾತ್ರೆ, ಚಿಮುಟ, ಸೇಫ್ಟಿ ಪಿನ್ನು, ಕಾಲಿನ ಬೊಬ್ಬೆಗೆ ಅಂಟುಪಟ್ಟಿ, ಮತ್ತು ನೀವು ದಿನವೂ ತೆಗೆದುಕೊಳ್ಳುವ ಔಷಧಿ ಎರಡು ದಿನಕ್ಕಾಗುವಷ್ಟು. ಓಆರ್‌ಎಸ್ ಮುಗಿದಿದ್ದರೆ 1 ಲೀಟರ್ ಶುದ್ಧ ನೀರಿಗೆ 6 ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಹಾವಿನ ವಿಷ ಹೀರುವ ಪಂಪುಗಳನ್ನು ಮಾತ್ರ ಕೊಳ್ಳಬೇಡಿ. ಅವು ವಿಷ ತೆಗೆಯುವುದಿಲ್ಲ, ಸುತ್ತಲಿನ ಮಾಂಸವನ್ನು ಇನ್ನಷ್ಟು ಕೆಡಿಸುತ್ತವೆ. ಕಚ್ಚಿದ ಜಾಗವನ್ನು ಕೊಯ್ಯದೆ, ಬಾಯಲ್ಲಿ ಹೀರದೆ, ರಕ್ತ ನಿಲ್ಲುವಂತೆ ಬಿಗಿದು ಕಟ್ಟದೆ, ಉಂಗುರ, ಗಡಿಯಾರ ಬಿಚ್ಚಿ, ಆ ಅಂಗ ಅಲುಗದಂತೆ ದಬ್ಬೆ ಕಟ್ಟಿ, ಆದಷ್ಟು ಬೇಗ ಪ್ರತಿವಿಷ ಸಿಗುವ ಆಸ್ಪತ್ರೆಗೆ ಸಾಗಿಸಬೇಕು.

ಆಹಾರ ಎಷ್ಟು? ಮೀನು ಹಿಡಿಯುವ ಗಾಳ ಬೇಡವೇ?

ಬೇಯಿಸದೆ ತಿನ್ನಬಹುದಾದ ಕಡಲೆಬೀಜ, ಒಣಹಣ್ಣು, ಚಾಕೊಲೇಟ್ ಇವುಗಳಲ್ಲಿ ಎರಡು ಹೊತ್ತಿಗಾಗುವಷ್ಟು ಸಾಕು. ಹೊಟ್ಟೆಯಲ್ಲಿ ಏನಾದರೂ ಇದ್ದರೆ ದೇಹ ನಡುಗಿ ಕಾವು ಹುಟ್ಟಿಸಲು ಅದೇ ಸೌದೆ. ನೀರು ಕಡಿಮೆಯಿದ್ದಾಗ ಉಪ್ಪಿನ ತಿನಿಸು ಬೇಡ. ಗಾಳ ಬೇಡ, ಒಂದು ರಾತ್ರಿಯ ಹಸಿವಿನಿಂದ ಯಾರೂ ಸಾಯುವುದಿಲ್ಲ, ಮೀನು ಹಿಡಿಯಲು ಹೋಗಿ ನೀರಿಗೆ ಬಿದ್ದರೆ ಚಳಿಯಿಂದ ಸಾಯಬಹುದು.

ತಗಡಿನ ಪುಟ್ಟ ಡಬ್ಬಿಯಲ್ಲಿ ಬರುವ ಸಿದ್ಧ ಕಿಟ್ ಕೊಳ್ಳಬಹುದೇ?

ಕೊಂಡರೆ ಅಂದೇ ಬಿಚ್ಚಿ ಒಂದೊಂದನ್ನೂ ಬಳಸಿ ನೋಡಿ. ನನಗೆ ಸಿಕ್ಕ ಒಂದರಲ್ಲಿ ಗುಂಡಿಯಷ್ಟು ದಿಕ್ಸೂಚಿಯ ಮುಳ್ಳು ಡಬ್ಬಿಯ ತಗಡಿನ ಕಡೆಗೇ ತಿರುಗುತ್ತಿತ್ತು, ತಂತಿಯ ಗರಗಸ ಎರಡನೆಯ ಎಳೆತಕ್ಕೆ ತುಂಡಾಯಿತು. ಅಷ್ಟು ಸಣ್ಣ ಡಬ್ಬಿಯಲ್ಲಿ ಹಿಡಿಸಲಾಗದ್ದು ಆಸರೆ, ಬೇಕಾದದ್ದೂ ಅದೇ.

ಒಟ್ಟು ತೂಕ ಎಷ್ಟಿರಬೇಕು, ಎಲ್ಲಿಡಬೇಕು?

ನೀರು ಬಿಟ್ಟು ಒಂದು ಕಿಲೋ ಆಸುಪಾಸಿನಲ್ಲಿ ಮೇಲೆ ಹೇಳಿದ್ದೆಲ್ಲ ಹಿಡಿಸುತ್ತದೆ. ಅದಕ್ಕಿಂತ ಭಾರವಾದರೆ ‘ಇವತ್ತೊಂದು ದಿನ ಬೇಡ’ ಎಂದು ಬಿಟ್ಟು ಹೊರಡುವ ದಿನ ಬರುತ್ತದೆ. ಎಲ್ಲವನ್ನೂ ಎದ್ದು ಕಾಣುವ ಬಣ್ಣದ ಒಂದೇ ಚೀಲದಲ್ಲಿ ಹಾಕಿ ಬೆನ್ನುಚೀಲದ ಮೇಲ್ಭಾಗದಲ್ಲಿಡಿ. ಸೀಟಿ, ಲೈಟರ್, ಚಾಕು, ಫೋನು ಮಾತ್ರ ಮೈಮೇಲೆಯೇ ಇರಲಿ. ಗುಂಪಿನಲ್ಲಿ ಹೋಗುವಾಗ ಫಿಲ್ಟರ್, ಪ್ರಥಮ ಚಿಕಿತ್ಸೆಯಂಥವನ್ನು ಹಂಚಿಕೊಳ್ಳಬಹುದು. ಹೊದಿಕೆ, ಸೀಟಿ, ಬೆಳಕು ಒಬ್ಬೊಬ್ಬರಿಗೂ ಬೇರೆಬೇರೆಯೇ ಬೇಕು, ಏಕೆಂದರೆ ದಾರಿ ತಪ್ಪುವವರು ಗುಂಪಿನಿಂದ ಬೇರಾದವರೇ.

ಮಕ್ಕಳಿಗೆ?

ಕೊರಳಿಗೊಂದು ಸೀಟಿ, ಜೇಬಿನಲ್ಲಿ ಮುಖದ ತೂತನ್ನು ಮೊದಲೇ ಕತ್ತರಿಸಿದ, ಎದ್ದು ಕಾಣುವ ಬಣ್ಣದ ಕಸದ ಚೀಲ, ಮತ್ತು ಒಂದೇ ಒಂದು ಪಾಠ: ದಾರಿ ತಪ್ಪಿತೆಂದು ಗೊತ್ತಾದ ಕೂಡಲೇ ಹತ್ತಿರದ ಮರದ ಬಳಿ ನಿಂತುಬಿಡುವುದು. 1981ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಶುರುವಾದ ‘ಮರವನ್ನು ತಬ್ಬಿಕೋ’ ಎಂಬರ್ಥದ ಕಾರ್ಯಕ್ರಮ ಮಕ್ಕಳಿಗೆ ಕಲಿಸುವುದು ಇದನ್ನೇ. ಹುಡುಕಿ ಬರುವ ಅಪರಿಚಿತರಿಗೆ ಹೆದರಿ ಅಡಗಿಕೊಳ್ಳಬಾರದೆಂದೂ, ದಾರಿ ತಪ್ಪಿದ್ದಕ್ಕೆ ಯಾರೂ ಬೈಯುವುದಿಲ್ಲವೆಂದೂ ಮೊದಲೇ ಹೇಳಿರಬೇಕು.

ವಿಮಾನದಲ್ಲಿ ಕಿಟ್ ಒಯ್ಯಬಹುದೇ?

ಚಾಕುವನ್ನು ಕೈಚೀಲದಲ್ಲಿ ಬಿಡುವುದಿಲ್ಲ, ಪವರ್ ಬ್ಯಾಂಕನ್ನು ಲಗೇಜಿನಲ್ಲಿ ಬಿಡುವುದಿಲ್ಲ. ಲೈಟರ್ ಮತ್ತು ಬೆಂಕಿಕಡ್ಡಿಯ ನಿಯಮ ದೇಶದಿಂದ ದೇಶಕ್ಕೆ ಬೇರೆ. ತಲುಪಿದ ಮೇಲೆ ಕೊಳ್ಳುವುದೇ ಸುಲಭ.

ಕಿಟ್ಟನ್ನು ಎಷ್ಟು ದಿನಕ್ಕೊಮ್ಮೆ ತೆಗೆದು ನೋಡಬೇಕು?

ಆರು ತಿಂಗಳಿಗೊಮ್ಮೆ. ಮಾತ್ರೆಗಳ ಅವಧಿ, ಸೆಲ್‌ಗಳ ಶಕ್ತಿ, ಲೈಟರಿನ ಗ್ಯಾಸು, ತಿನಿಸಿನ ವಾಸನೆ, ಮಡಿಕೆಯಲ್ಲಿ ಬಿರಿದ ಹೊದಿಕೆ ಇವಿಷ್ಟನ್ನು ನೋಡಿ. ಹಾಗೆ ತೆಗೆದಾಗ ಒಮ್ಮೆ ಕತ್ತಲಲ್ಲಿ, ಕೈಗವಸು ಹಾಕಿಕೊಂಡು, ಪ್ರತಿಯೊಂದು ಪೊಟ್ಟಣವನ್ನೂ ಬಿಚ್ಚಲು ಪ್ರಯತ್ನಿಸಿ. ಬಿಚ್ಚಲು ಬಾರದ ಗಂಟುಗಳು, ಉಗುರಿಗೆ ಸಿಗದ ಜಿಪ್ಪುಗಳು ಅಂದೇ ಗೊತ್ತಾಗುತ್ತವೆ.

ಕಿಟ್ ಸಿದ್ಧವಾಯಿತು. ಹೊರಡುವ ಮುನ್ನ ಇನ್ನೇನಾದರೂ ಉಳಿದಿದೆಯೇ?

ಒಂದು ಚೀಟಿ ಉಳಿದಿದೆ. ಎಲ್ಲಿಗೆ, ಯಾವ ದಾರಿಯಲ್ಲಿ, ಯಾರ ಜೊತೆ ಹೋಗುತ್ತಿದ್ದೀರಿ, ವಾಹನ ಎಲ್ಲಿ ನಿಲ್ಲಿಸುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ, ಎಷ್ಟು ಹೊತ್ತಾದರೂ ಸುದ್ದಿ ಬಾರದಿದ್ದರೆ ಯಾರಿಗೆ ಫೋನು ಮಾಡಬೇಕು ಎಂಬುದನ್ನು ಬರೆದು, ಮನೆಯಲ್ಲಿ ಉಳಿಯುವ ನಂಬಿಕಸ್ಥರೊಬ್ಬರ ಕೈಗೆ ಕೊಡಿ. ದಾರಿಯಲ್ಲಿ ಮನಸ್ಸು ಬದಲಾಗಿ ಬೇರೆ ಕಡೆಗೆ ತಿರುಗುವುದಾದರೆ ಸಿಗ್ನಲ್ ಇರುವಾಗಲೇ ಅವರಿಗೆ ತಿಳಿಸಬೇಕು, ಇಲ್ಲವಾದರೆ ಹುಡುಕುವವರು ನೀವಿಲ್ಲದ ಗುಡ್ಡವನ್ನು ರಾತ್ರಿಯಿಡೀ ಜಾಲಾಡುತ್ತಾರೆ. ಮರಳಿದ ಮೇಲೆ, ಬೂಟು ಬಿಚ್ಚುವ ಮೊದಲೇ, ಬಂದು ಸೇರಿದೆನೆಂದು ಅವರಿಗೊಂದು ಫೋನು ಮಾಡಿ.